ಮಲಕಾಜಪ್ಪ ಕಾಕಾ ಮಡುವಿಗೆ ಬಿಟ್ಟ ಮೀನುಗಳು

ನಮ್ಮ ಮಲಕಾಜಪ್ಪ ಕಾಕಾನಷ್ಟು ಮೆದು ಮನಸ್ಸಿನವರನ್ನು ನಾನು ಕಂಡಿಲ್ಲ. ಆ ಮೆದು ಮನಸ್ಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಕ್ಕಲಕೋಟೆಯಿಂದಾಚೆ, ಬೋರಿ ನದಿಯ ದಂಡೆಗೆ ಅವರ ಹೊಲ. ಅಲ್ಲಿ ನದಿಯಲ್ಲೊಂದು ಆಳದ ಮಡು. ಮಕ್ಕಳಾಗದ ಅವರ ಹೆಂಡತಿ ಅಕ್ಕನಾಗಮ್ಮ ಕಾಕು ಸೋಮವಾರಕ್ಕೊಮ್ಮೆ ಅಲ್ಲಿನ ಮೀನುಗಳಿಗೆ ಜೋಳದ ಹಿಟ್ಟಿನ ಉಂಡೆ ಹಾಕುತ್ತಿದ್ದರು. ಎಪ್ಪತ್ತೆರಡರ ಬರದಲ್ಲಿ ಕಾಕು ತೀರಿಕೊಂಡರು. ಹೋಗುವಾಗ ಹೇಳಿದ್ದು ಒಂದೇ ಮಾತು: “ನಮ್ಮ ಹುಡುಗ್ರನ್ನ ನೋಡ್ಕೋರಿ.” ಅದೇ ಹೊಲದಲ್ಲಿ ಮಣ್ಣು ಮಾಡಿದೆವು.

ಆ ಬೇಸಿಗೆ ಹಳ್ಳದ ಗುಂಡಿಗಳು ಬತ್ತಿ ಮೀನುಗಳು ಬಾಯಿ ಬಿಟ್ಟು ಸತ್ತದ್ದನ್ನು ಕಾಕಾ ಕಂಡಿದ್ದರು. ಮುಂದಿನ ಮಳೆಗಾಲದ ಮೊದಲ ಕೆನ್ನೀರಿಗೆ, ಹೊಟ್ಟೆ ಉಬ್ಬಿದ ಮೀನುಗಳು ಮಡು ಬಿಟ್ಟು ಹೊಲದಂಚಿನ ಹಳ್ಳಕ್ಕೆ ಏರಿ, ತೆಳು ನೀರಿನ ಹುಲ್ಲಿನಲ್ಲಿ ಒದ್ದಾಡುತ್ತಿದ್ದವು. ಇವೂ ಸಾಯುತ್ತವೆಂದು ಕಾಕಾ ಗಾಬರಿಯಾದರು. ಧೋತರದಲ್ಲಿ ಹಿಡಿದು, ಕೊಡಪಾನದಲ್ಲಿ ಹೊತ್ತು, ಮತ್ತೆ ಮಡುವಿಗೆ ಬಿಟ್ಟರು. ಲಿಂಗ ಕಟ್ಟಿದ ಮುದುಕ ಮೀನು ಹಿಡಿಯುತ್ತಾನೆಂದು ಊರು ನಕ್ಕಿತು. ಐದು ವರ್ಷ ಬಿಡದೆ ಮಾಡಿದರು. ಬಲೆ ಹಾಕುವವರನ್ನು ದಂಡೆಗೂ ಬರಗೊಡಲಿಲ್ಲ. ಪ್ರತಿ ಸಲ ಸಮಾಧಿಯ ಬಳಿ ಕುಳಿತು, ಇಂದು ಇಷ್ಟು ಉಳಿಸಿದೆ ಎಂದು ಕಾಕುಗೆ ಒಪ್ಪಿಸುತ್ತಿದ್ದರು.

ಮಡುವಿನ ಮೀನುಗಳು ದಪ್ಪವಾದವು, ಮುದಿಯಾದವು, ವರ್ಷ ವರ್ಷಕ್ಕೆ ಕಡಿಮೆಯಾದವು. ಕಾಕಾ ಮೀನು ಮಾರುವ ದ್ರೌಪದಿಯ ಮನೆಗೇ ಹೋಗಿ ಜಗಳ ತೆಗೆದರು. ನಾನೂ ಹಿಂದೆ ಹೋಗಿದ್ದೆ.

“ಕದ್ದು ಎಲ್ಲಾ ಬಳಕೊಂಡು ಹೋಗೀರಿ!”

“ಯಪ್ಪಾ, ನಿಮ್ಮ ಮಡು ನಾವು ಮುಟ್ಟಿಲ್ಲರಿ,” ಎಂದಳು ಆಕೆ. “ಅದ್ರಾಗ ಮರಿನ ಇಲ್ಲಲ್ಲ, ನೋಡೀರೇನು? ಹೊಸ ನೀರಿಗೆ ಅವು ತತ್ತಿ ಹಾಕಾಕ ಹಳ್ಳಕ್ಕ ಏರ್ತಾವ. ಮಡುವಿನ್ಯಾಗ ಹಾಕಂಗಿಲ್ಲ. ಹಡಿಯಾಕ ತವರಿಗೆ ಹೊಂಟಾಕಿನ್ನ ದಾರ್ಯಾಗಿಂದ ಹಿಂದಕ್ಕ ಹೊಳ್ಳಿಸಿದಂಗ ಮಾಡೀರಿ ನೀವು.”

“ಮೊದಲ ಯಾಕ ಹೇಳಲಿಲ್ಲ?”

“ನಮ್ಮನ್ನ ದಂಡಿಗೆ ಬರಗೊಟ್ಟಿರೇನ್ರಿ?”

ಕಾಕಾ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನೀರು ಕೊಟ್ಟರೆ ಕುಡಿಯಲಿಲ್ಲ.

ಮರುವರ್ಷ ಮೊದಲ ನೀರಿಗೆ ಕೈ ಕಟ್ಟಿಕೊಂಡು ಹಳ್ಳದ ಬಳಿ ನಿಂತರು. ಹುಲ್ಲು ಮುಳುಗಿತು. ಒಂದೇ ಒಂದು ಮುದಿ ಮೀನು ಏರಿ ಬಂದು, ಅತ್ತಿತ್ತ ಸುಳಿದು, ಜೊತೆ ಸಿಗದೆ ತಾನೇ ಮಡುವಿಗೆ ಇಳಿಯಿತು.

“ಅಕ್ಕನಾಗಿಗೆ ಏನಂತ ಹೇಳ್ಲಿ?” ಎಂದು ನನ್ನನ್ನು ಕೇಳಿದರು. ನನಗೆ ಅಳು ಬಂತು.

ಸೋಮವಾರದ ಉಂಡೆ ಅವರು ತಪ್ಪಿಸಲಿಲ್ಲ. ಆದರೆ ಅಂದಿನಿಂದ ಸಮಾಧಿಯ ಮುಂದಿನ ಕಾಲುದಾರಿ ಬಿಟ್ಟು, ಸುತ್ತು ಹಾಕಿ ಮಡುವಿಗೆ ಹೋಗುತ್ತಿದ್ದರು.