ಸಂಗಪ್ಪನ ಹಗೇವು

ಗದಗ ಮಾರ್ಕೆಟ್ಟಿನಲ್ಲಿ ತೂಕದ ಸಂಗಪ್ಪ ಎಂದರೆ ಒಂದು ಹೆಸರಿತ್ತು. ಶೇಂಗಾ ಇರಲಿ, ಮೆಣಸಿನಕಾಯಿ ಇರಲಿ, ಅವನು ತೂಗಿದ ಮೇಲೆ ರೈತನೂ ತಕರಾರು ತೆಗೆಯುತ್ತಿರಲಿಲ್ಲ, ದಲಾಲನೂ ತೆಗೆಯುತ್ತಿರಲಿಲ್ಲ. ಆ ಹೆಸರಿನ ಮೇಲೆ ಅವನಿಗೆ ತುಸು ಜಂಬವೂ ಇತ್ತು. ಇರಲಿ ಬಿಡಿ, ಬೆನ್ನು ಸೋತು ಮನೆ ಹಿಡಿದ ಮನುಷ್ಯನಿಗೆ ಅಷ್ಟಾದರೂ ಬೇಡವೇ?

ಮನೆ ಎಂದರೂ ಎಂಥ ಮನೆ! ಬೆಟಗೇರಿಯ ನಡುವಿನ ಆ ಓಣಿಯಲ್ಲಿ ಒಂದಕ್ಕೊಂದು ಆತುಕೊಂಡು ನಿಂತ ಮಣ್ಣಿನ ಮಾಳಿಗೆಗಳು. ಮಳೆ ಬಂದರೆ ಒಳಗೆಲ್ಲ ಪಾತ್ರೆ ಇಡಬೇಕು, ಗಟಾರ ತುಂಬಿದರೆ ನೀರು ಪಡಸಾಲೆಗೇ ಬರಬೇಕು. ಕಡೆಗೆ ಓಣಿಯವರೆಲ್ಲ ಸೇರಿ ಸಂಘ ಕಟ್ಟಿದರು. ಹಳೆಯದನ್ನು ಕೆಡವಿ, ಅದೇ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯಿಂದ, ಅದೇ ಕಲ್ಲು ತೊಲೆಗಳಿಂದ, ಬಡವರ ಕೈಗೆ ಎಟಕುವಂಥ ಮನೆಗಳನ್ನು ಕಟ್ಟುವುದೆಂದು ತೀರ್ಮಾನವಾಯಿತು. ನಕ್ಷೆ ಹಾಕಿದ ಎಂಜಿನಿಯರು ಶೈಲಾ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ ಕೇಳಿದಳು.

"ಯಾರದರ ಮನಿ ಕೆಳಗ ಹಗೇವು ಐತೇನ್ರಿ? ಹಿಂದ ಕಾಳು ಇಡತಿದ್ರಲ್ಲ, ಆ ಕುಣಿ. ಇದ್ರ ಈಗ ಹೇಳ್ರಿ, ಮಳಿ ನೀರಿನ ತೊಟ್ಟಿ ಮಾಡೋಣು. ಅದರ ಮ್ಯಾಲೆ ಮನಿ ಕಟ್ಟಾಕ ಬರಂಗಿಲ್ಲ. ಆ ಮನಿಯವರಿಗೆ ಹಿಂದಿನ ಸಾಲಿನ್ಯಾಗ ಜಾಗಾ ಕೊಡತೀವಿ."

ಸಂಗಪ್ಪನ ಮನೆ ರಸ್ತೆಯ ಮೂಲೆಯಲ್ಲಿತ್ತು. ಹೊಸ ಮನೆಯ ಮುಂದೆ ಸಣ್ಣ ಕಿರಾಣಿ ಅಂಗಡಿ ಇಟ್ಟು, ಹೆಂಡತಿ ಸಿದ್ದಲಿಂಗವ್ವನ ಜೊತೆ ಅಲ್ಲೇ ಕೂತು ಕಾಲ ಕಳೆಯಬೇಕೆಂದು ಅವನ ಆಸೆ. ಹಿರೇವಡ್ಡಟ್ಟಿಯಿಂದ ಜೋಳದ ವ್ಯಾಪಾರಕ್ಕೆಂದು ಬಂದ ಅಜ್ಜ ಅದೇ ಮೂಲೆಯಲ್ಲಿ ಹಗೇವು ತೋಡಿಸಿದ್ದ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಎಲ್ಲ ಗೊತ್ತಿದ್ದೂ ಸಂಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಸುಮ್ಮನೆ ಕೂತ. ಮನೆ ಕೆಡವುವಾಗ ಕಸಕಡ್ಡಿ, ಹರಕು ಚೀಲ, ಒಡಕು ಹಂಚು ಎಲ್ಲ ಅದರೊಳಗೆ ಸುರಿದು ಮೇಲೆ ಮಣ್ಣೆಳೆದ.

ಆಮೇಲೆ ಆದದ್ದೇ ಬೇರೆ. ಜಗಳ ಬೇಡವೆಂದು ಸಂಘದವರು ಎಲ್ಲ ಜಾಗಕ್ಕೂ ಚೀಟಿ ಎತ್ತಿಸಿದರು. ಮೂಲೆಯ ಜಾಗ ಮೋತಿಬಿಗೆ ಬಂತು. ಮೋತಿಬಿ ಅವನ ಪಕ್ಕದ ಮನೆಯವಳೇ, ಗಂಡ ಸತ್ತ ಮೇಲೆ ಕೌದಿ ಹೊಲಿದು ಸಂಸಾರ ತೂಗಿಸಿದವಳು.

ಸಂಗಪ್ಪ ಅಂದೇ ಹೇಳಬಹುದಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಈಗ ಹೇಳಿದರೆ ಜಾಗ ಸಿಗಲಿಲ್ಲವೆಂದು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾನೆ ಎನ್ನುವುದಿಲ್ಲವೇ? ಕಟ್ಟೆಯ ಮೇಲೆ ಯಾಕೆ ಹೇಳಲಿಲ್ಲ ಎಂದರೆ ಏನು ಉತ್ತರ ಕೊಡುವುದು? ಹೀಗೆ ಮರ್ಯಾದೆ ಉಳಿಸಿಕೊಳ್ಳಲು ಹೋದ ಮಹಾರಾಯ ದಿನಾ ಮೋತಿಬಿಯ ಗೋಡೆ ಏಳುವುದನ್ನು ನೋಡುತ್ತ ಒಳಗೊಳಗೇ ಕುಗ್ಗಿದ. ಊಟ ಸೇರದಾಯಿತು. ಸಿದ್ದಲಿಂಗವ್ವ ಪಿತ್ತವಿರಬೇಕೆಂದು ಲಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು. ಅದನ್ನೂ ನಾಚಿಕೆಯಿಂದಲೇ ಕುಡಿದ.

ಗೋಡೆ ಕಿಟಕಿಯ ಎತ್ತರ ದಾಟಿದಾಗ ಒಂದು ಸಂಜೆ ಜೋರು ಮಳೆಯಾಯಿತು. ಬೆಳಗಾದರೆ ಬುಡ ತುಸು ಕುಸಿದು ಗೋಡೆ ಮೇಲಿನಿಂದ ಕೆಳಗಿನ ತನಕ ಸೀಳಿತ್ತು. ಓಣಿಯೆಲ್ಲ ಅಲ್ಲಿ ಸೇರಿತು. ಎಲ್ಲರ ಸಿಟ್ಟೂ ಆ ಗೋಡೆ ಕಟ್ಟಿದ ಗೌಂಡಿ ಮೈಲಾರಪ್ಪನ ಮೇಲೆ ತಿರುಗಿತು.

"ಸಿಮೆಂಟ ತಿಂದಾನ್ರಿ ಇವ," ಯಾರೋ ಅಂದರು.

"ಇಲ್ರಿ ಮೇಡಂ, ಒಂದು ಬುಟ್ಟಿ ಸೈತ ಆ ಕಡಿ ಈ ಕಡಿ ಮಾಡಿಲ್ರಿ," ಎಂದು ಮೈಲಾರಪ್ಪ ಶೈಲಾಳಿಗೆ ಕೈಮುಗಿದ.

"ಹಂಗಾರ ಗ್ವಾಡಿ ಯಾಕ ಸೀಳತು? ನಾಳಿಂದ ಬರಬ್ಯಾಡ್ರಿ ನೀವು," ಎಂದಳು ಶೈಲಾ.

"ಗೌಂಡಿಗೆ ಬೈಬ್ಯಾಡ್ರಿ, ಅವಂದೇನೂ ತಪ್ಪಿಲ್ಲ," ಎಂದು ಮೋತಿಬಿ ಒಬ್ಬಳೇ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೈಲಾರಪ್ಪ ಕರಣಿ ತೊಳೆದು ಚೀಲಕ್ಕೆ ಹಾಕಿಕೊಂಡ. ಕಳ್ಳ ಗೌಂಡಿ ಎಂದು ಒಮ್ಮೆ ಹೆಸರು ಬಿದ್ದರೆ ಅವನನ್ನು ಯಾವ ಓಣಿಯವರು ಕರೆದಾರು? ಹೆಸರಿನ ಬೆಲೆ ಏನೆಂದು ಆ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದದ್ದು ಸಂಗಪ್ಪನಿಗೆ. ಅವನು ಗುಂಪು ಸರಿಸಿ ಮುಂದೆ ಬಂದ.

"ನಿಂದರೋ ಮೈಲಾರಪ್ಪಾ. ಅಲ್ಲಿ ಹಗೇವು ಐತ್ರಿ, ನಮ್ಮ ಅಜ್ಜಂದು. ನಾನ ಮುಚ್ಚೀನ್ರಿ."

ಯಾರೂ ಬೈಯಲಿಲ್ಲ. ಶೈಲಾ ಅವನ ಕಡೆ ತಿರುಗಿ, "ಬಾಯಿ ಎಲ್ಲೈತಿ ತೋರಸ್ರಿ," ಎಂದಳು ಅಷ್ಟೇ. ಮೈಲಾರಪ್ಪ ಹೆಗಲ ಮೇಲಿನ ಚೀಲ ಇಳಿಸಲಿಲ್ಲ.

ಸಂಗಪ್ಪ ಮೋತಿಬಿಯ ಮುಂದೆ ಹೋಗಿ ನಿಂತ. "ತಪ್ಪಾತವಾ ಮೋತಿಬಿ. ನಿನ್ನ ಮನಿ ಹಾಳ ಮಾಡಿದೆ."

"ನನಗ ಗೊತ್ತಿತ್ತಣ್ಣಾ."

"ಏನು ಗೊತ್ತಿತ್ತು?"

"ಹಗೇವು. ನಮ್ಮ ಮಾವ ಕಾಲು ಮುರಕೊಂಡು ಬಿದ್ದಾಗ ನಿಮ್ಮ ಅಪ್ಪಾರು ನನ್ನ ಮುಂದನ ಅದನ್ನ ತೆಗದು ನಮಗ ಜೋಳ ಅಳದು ಕೊಟ್ಟಿದ್ರು. ಮಂದಿ ಹಗೇವು ನಾವು ಇನ್ನೊಬ್ರಿಗೆ ತೋರಸಬಾರದು ಅಂತ ನಮ್ಮತ್ತಿ ಅವತ್ತ ನನ್ನ ಕಡಿಂದ ಆಣಿ ಮಾಡಿಸಿದ್ಲು. ಇವತ್ತಿಲ್ಲ ನಾಳೆ ನೀವ ಹೇಳತೀರಿ ಅಂತ ಕಾಯ್ಕೊಂತ ಕುಂತೆ."

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಯಾರೋ ಕೈಗೆ ಕೊಟ್ಟ ಗುದ್ದಲಿ ಹಿಡಿದು ಸಂಗಪ್ಪ ಹಗೇವಿನ ಬಾಯಿ ಇದ್ದಲ್ಲಿ ಅಗೆಯತೊಡಗಿದ. ಮೊದಲು ಹರಕು ಚೀಲ ಬಂತು, ಆಮೇಲೆ ಒಡಕು ಹಂಚು, ನಾರುವ ಕಸ. ಅಪ್ಪ ಜೋಳ ಅಳೆದು ಕೊಟ್ಟ ಕುಣಿಯಿಂದ ಅದನ್ನೆಲ್ಲ ಅವಳ ಕಣ್ಣೆದುರಿಗೇ ಒಂದೊಂದಾಗಿ ಎತ್ತಿ ಹೊರಗೆ ಹಾಕಬೇಕಾಯಿತು.