ಮುಳ್ಳೆದ್ದ ಕುಸುರೆಳ್ಳು

ಸಂಕ್ರಾಂತಿಗೆ ಅಂಗಡಿಯಿಂದ ತಂದ ಪೊಟ್ಟಣದ ಕುಸುರೆಳ್ಳು ಇಂದು ಕೈಗೆ ನುಣ್ಣಗೆ ಹತ್ತಿತು. ಒಂದಕ್ಕೂ ಸಕ್ಕರೆಯ ಮುಳ್ಳಿಲ್ಲ.

ನಾನು ಚಿಕ್ಕವಳಿದ್ದಾಗಿನ ಮಾತು; ಅದು ಮದುವೆಯಾದ ಅಕ್ಕನ ಮೊದಲ ಸಂಕ್ರಾಂತಿ. ಧಾರವಾಡದ ಬೀಗರಿಗೆ ಕುಸುರೆಳ್ಳು ಕಳಿಸಲು ಅವ್ವ ಯುದ್ಧಕಾಲದಲ್ಲಿ ಅಳತೆಯಲ್ಲಷ್ಟೇ ಸಿಗುತ್ತಿದ್ದ ಕಂಟ್ರೋಲ್ ಸಕ್ಕರೆ ಕೂಡಿಸಿಟ್ಟಿದ್ದಳು. ಶೇಗಡಿಯ ಕೆಂಡದ ಮೇಲಿನ ತಾಟಿನಲ್ಲಿ ಎಳ್ಳಿಗೆ ಪಾಕ ಹನಿಸಿ ಬೆರಳಾಡಿಸಿದಳು. ಅರ್ಧ ಸಕ್ಕರೆ ಮುಗಿದರೂ ಮುಳ್ಳೇಳಲಿಲ್ಲ.

"ಬೀಗರು ನಗತಾರ," ಎಂದು ಕಣ್ಣೊರೆಸಿಕೊಂಡಳು.

ನಾನು ಬೆರಳಿಟ್ಟೆ, ಚುರ್ ಎಂದಿತು. "ಅವ್ವಾ, ತಾಟು ಭಾಳ ಕಾದೈತಿ!"

"ನನಗ ಗೊತ್ತಾಗವಲ್ದಲ್ಲ!"

ರೊಟ್ಟಿ ಬಡಿದು ಅವಳ ಬೆರಳು ಕಲ್ಲಾಗಿದ್ದವು. ಕೆಂಡ ಕಡಿಮೆ ಮಾಡಿ, ಬೆರಳಿಂದ ಬಿಸಿ ನೋಡಿಕೊಳ್ಳುತ್ತ ಪಾಕ ಹನಿಸಲು ನಾನೇ ಕುಳಿತೆ. ಸಂಜೆಗೆ ಕಾಳುಕಾಳಿಗೂ ಮುಳ್ಳೆದ್ದಿತ್ತು.

ಹಬ್ಬ ಮುಗಿದ ಮೇಲೆ ಮನೆಗೆ ಬಂದ ಅಕ್ಕನ ಅತ್ತೆ, "ನೀವು ಕಳಿಸಿದ ಕುಸುರೆಳ್ಳು ಯಾರ ಕೈಗುಣರೀ?" ಎಂದರು.

ಬಾಗಿಲ ಹಿಂದಿದ್ದ ನನ್ನನ್ನು ಅವ್ವ ಎಳೆದು ತಂದು ಕೈ ಎತ್ತಿ ತೋರಿಸಿದಳು. "ಈ ಸಣ್ಣಾಕೀದ್ರಿ!"

ಈಗ ನನ್ನ ಬೆರಳೂ ಬಿಸಿ ತಿಳಿಯದಷ್ಟು ಕಲ್ಲಾಗಿವೆ. ಪೊಟ್ಟಣ ಬದಿಗಿಟ್ಟು, ಒಲೆಯ ಮೇಲೆ ಎಳ್ಳಿನ ತಾಟಿಟ್ಟು ಮರಿಮೊಮ್ಮಗಳನ್ನು ಕೂಗಿದೆ: "ಬಾ ಅವ್ವಿ, ನಿನ್ನ ಬೆರಳು ಬೇಕಾಗ್ಯಾವು!"