ಟವೆಲ್ ಕೆಳಗೆ ಹೇಳಿದ ‘ಬೇಡ’

ನಮ್ಮ ಕಡೆಯ ಮಂದಿಗೆ ಎದುರಿಗೆ ಕೂತು ‘ಬೇಡ’ ಅನ್ನಲು ಬರುವುದಿಲ್ಲ. ಊಟಕ್ಕೆ ಕೂತವರು ಸಾಕು ಅಂದರೂ ಯಾರೂ ನಂಬದೆ ಇನ್ನೊಂದು ರೊಟ್ಟಿ ಬಡಿಸುತ್ತಾರೆ, ಅವರೂ ಸುಮ್ಮನೆ ತಿನ್ನುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಹುಡುಗಿ ಮನಸ್ಸಿಗೆ ಬರದಿದ್ದರೆ ಬಾಯಿಬಿಟ್ಟು ಹೇಳುವುದಿಲ್ಲ, ‘ತಿಳಸ್ತೇವ್ರಿ’ ಅಂದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಆ ‘ತಿಳಸ್ತೇವ್ರಿ’ಯನ್ನು ನಾನು ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಬೇಸರ ಬರುವಷ್ಟು ಕೇಳಿದ್ದೇನೆ. ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಬೀಜದ ಕಂಪನಿಯೊಂದರಲ್ಲಿ ಮೊಳಕೆ ನೋಡುವ ಕೆಲಸ. ರವಿವಾರ ಬೆಳಿಗ್ಗೆ ನನ್ನನ್ನು ನೋಡುವವರು ಬರುತ್ತಿದ್ದರು. ಸೀರೆ ಉಟ್ಟು, ಉಪ್ಪಿಟ್ಟಿನ ತಾಟು ಹಿಡಿದು ಬರಬೇಕು, ಕೂಡಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು, ಏಳು ಅಂದಾಗ ಏಳಬೇಕು. ಅವರು ಹೋದ ಮೇಲೆ ಅದೇ ತಾಟುಗಳನ್ನು ತೊಳೆಯಬೇಕು.

ಮಧ್ಯಾಹ್ನ ಮಾತ್ರ ನನ್ನದಾಗಿತ್ತು. ಊಟ ಮುಗಿದೊಡನೆ ಮಾಳಿಗೆಯ ಕೋಣೆಗೆ ಹೋಗಿ ನಾನು ಕುದುರೆ ಹತ್ತುತ್ತಿದ್ದೆ.

ಕುದುರೆ ಅಂದರೆ ಆಟದ ಕುದುರೆ. ನನ್ನ ತಮ್ಮ ಧಾರವಾಡದಲ್ಲಿ ಕೃಷಿ ಓದುವಾಗ ಹಾಸ್ಟೆಲ್ ಹುಡುಗರಿಂದ ಒಂದು ಆಟ ಕಲಿತು ಬಂದಿದ್ದ. ಅದಕ್ಕೆ ಹಾಸು ಇಲ್ಲ, ಕಾಯಿ ಇಲ್ಲ, ಗೆಲ್ಲುವುದು ಸೋಲುವುದು ಇಲ್ಲ. ಒಬ್ಬ ಕತೆ ಕಟ್ಟುತ್ತಾನೆ: ಇಲ್ಲೊಂದು ಕೋಟೆ, ಬಾಗಿಲು ಮುಚ್ಚಿದೆ, ಒಳಗೆ ಯಾರೋ ಅಳುತ್ತಿದ್ದಾರೆ. ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬ ಪಾತ್ರ. ‘ನಾನು ಹೀಗೆ ಮಾಡುತ್ತೇನೆ’ ಅಂತ ಅವರು ಹೇಳಬೇಕು, ಕತೆ ಆ ಕಡೆಗೆ ತಿರುಗುತ್ತದೆ. ಮಾಡಿದ್ದು ಫಲಿಸಿತೋ ಇಲ್ಲವೋ ಅಂತ ತೀರ್ಮಾನಿಸಲು ದಾಳ ಬೇಕು. ಬಹಳ ಮುಖಗಳ ಆ ದಾಳ ನಮ್ಮೂರಿನಲ್ಲಿ ಎಲ್ಲಿ ಸಿಗಬೇಕು? ಕಂಪನಿಯಲ್ಲಿ ಬಿಸಾಡುವ ಕುಂಬಳ ಬೀಜ ತಂದು, ಅವುಗಳ ಮೇಲೆ ಅಂಕಿ ಬರೆದು, ತಂಬಿಗೆಯಲ್ಲಿ ಹಾಕಿದೆವು. ಕಣ್ಣು ಮುಚ್ಚಿ ಒಂದು ಬೀಜ ಎತ್ತುವುದು, ಅಂಕಿ ದೊಡ್ಡದಿದ್ದರೆ ಕೆಲಸ ಆಯಿತು. ಕತೆ ಕಟ್ಟುವ ತಮ್ಮನನ್ನು ಮಾಸ್ತರ ಅನ್ನುತ್ತಿದ್ದೆವು, ಹಳ್ಳಿ ನಾಟಕ ಕಲಿಸುವವನಿಗೆ ಅನ್ನುವ ಹಾಗೆ. ಅವ್ವನಂತೂ ನಾವು ನಾಟಕದ ತಾಲೀಮು ಮಾಡುತ್ತಿದ್ದೇವೆ ಅಂತಲೇ ಓಣಿಗೆಲ್ಲ ಹೇಳಿದ್ದಳು. ಯಾವಾಗ ಆಡುತ್ತೀರಿ ಅಂತ ಓಣಿಯವರು ಕೇಳಿ ಕೇಳಿ ಸಾಕಾದರು.

ಆಡುವವರು ಮೂವರು. ಹಾವೇರಿಯಲ್ಲಿ ಔಷಧದ ಅಂಗಡಿ ಇಟ್ಟ, ತಮ್ಮನ ಜೊತೆ ಓದಿದವನೊಬ್ಬ. ಅವನದು ಪೈಲ್ವಾನನ ಪಾತ್ರ. ನಿಜ ಜೀವನದಲ್ಲಿ ಅವನು ಇಲಿ ಕಂಡರೆ ಕುರ್ಚಿ ಹತ್ತುವವ. ಇನ್ನೊಬ್ಬ ಬ್ಯಾಡಗಿಯಿಂದ ಬರುತ್ತಿದ್ದ. ಅವರ ಮನೆತನದ್ದು ಮೆಣಸಿನಕಾಯಿಯ ದಲಾಲಿ ಅಂಗಡಿ. ಫೋನಿನಲ್ಲಿ ತಾಯಿಯ ಜೊತೆ ಉರ್ದು, ನಮ್ಮ ಜೊತೆ ಅಪ್ಪಟ ಬ್ಯಾಡಗಿ ಕನ್ನಡ. ಅವನು ಕೋಣೆಗೆ ಬಂದು ಅಂಗಿ ಜಾಡಿಸಿದರೆ ನಮಗೆಲ್ಲ ಸೀನು. ಅವನದು ಸುಳ್ಳು ಹೇಳಿ ಬದುಕುವ ವ್ಯಾಪಾರಿಯ ಪಾತ್ರ. ಮೂರನೆಯವಳು ನಾನು: ರಾಜನ ಓಲೆಗಳನ್ನು ಊರಿಂದೂರಿಗೆ ಒಯ್ಯುವ ಸವಾರಳು. ಅವಳಿಗೆ ಮನೆ ಇರಲಿಲ್ಲ. ಅವಳನ್ನು ಯಾರೂ ಕೂಡು, ಏಳು ಅನ್ನುತ್ತಿರಲಿಲ್ಲ. ವಾರವಿಡೀ ನಾನು ಆ ಮಧ್ಯಾಹ್ನದ ದಾರಿ ಕಾಯುತ್ತಿದ್ದೆ ಅಂದರೆ ಅತಿಶಯವಲ್ಲ.

ಮೊದಮೊದಲು ಆಟ ಸರಿಹೋಗಲೇ ಇಲ್ಲ. ನಾನು ಕೋಟೆ ಬಾಗಿಲ ಮೇಲಿನ ಒಗಟು ಬಿಡಿಸುತ್ತ ಕೂತರೆ ಪೈಲ್ವಾನ ಬಾಗಿಲನ್ನೇ ಒದ್ದು ಮುರಿಯುತ್ತಿದ್ದ. ಅವನು ಕಾಳಗಕ್ಕೆ ನಿಂತರೆ ವ್ಯಾಪಾರಿ ವೈರಿಗೆ ಎಲೆ ಅಡಿಕೆ ಮಾರಲು ಹೋಗುತ್ತಿದ್ದ. ವಾರವಿಡೀ ಕತೆ ಹೆಣೆದ ಮಾಸ್ತರ ಮುಖ ಊದಿಸಿಕೊಂಡು ಕೂಡುತ್ತಿದ್ದ. ಒಂದು ದಿನ ಅವನು ಹೇಳಿದ, “ನೋಡ್ರಿ, ಆಟ ಚಾಲೂ ಮಾಡೂಕಿಂತ ಮೊದಲ ಯಾರಿಗೆ ಏನ್ ಬೇಕು, ಏನ್ ಬ್ಯಾಡ, ಅದನ್ನ ಕೇಳ್ಬೇಕಂತ. ಧಾರವಾಡದಾಗ ಹಂಗ ಮಾಡ್ತಿದ್ವಿ. ಹೇಳ್ರಿ ಈಗ.”

“ನೀ ಹೆಂಗ ಅಂತಿ ಹಂಗಪಾ,” ಅಂದ ಪೈಲ್ವಾನ.

“ನಂದೇನೈತಿ, ನಿಮ್ಮ ಖುಷಿ,” ಅಂದ ವ್ಯಾಪಾರಿ.

ನಾನೂ ಏನಾದರೂ ಆಗಲಿ ಅಂದೆ. ಬಾಯಿ ಬಿಟ್ಟರೆ ಬಣ್ಣಗೇಡು. ಮುಂದಿನ ರವಿವಾರ ಮತ್ತೆ ಬಾಗಿಲು ಮುರಿಯಿತು.

ಉಪಾಯ ಹೇಳಿದವನು ಬ್ಯಾಡಗಿಯವನು. ಹಾವೇರಿಯ ದನದ ಸಂತೆಯಲ್ಲಿ ದಲಾಲರು ಕೊಳ್ಳುವವನ ಕೈಯನ್ನು ಟವೆಲ್ ಕೆಳಗೆ ಹಿಡಿದು ಬೆರಳು ಮುಟ್ಟಿ ಎತ್ತಿನ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ತಿಳಿಯುವುದಿಲ್ಲ, ಒಲ್ಲೆ ಅಂದರೂ ಯಾರ ಮಾನವೂ ಹೋಗುವುದಿಲ್ಲ. “ಬಾಯಿಲೆ ಹೇಳಾಕ ನಾಚಿಕಿ ಬಂದ್ರ ಬೆರಳಲೆ ಹೇಳೂಣು,” ಅಂದ ಅವನು. ಎಲ್ಲರಿಗೂ ಖುಷಿಯಾಯಿತು. ಮಾಸ್ತರನ ಬೆರಳುಗಳಿಗೆ ಒಂದೊಂದು ಅರ್ಥ ಕೊಟ್ಟೆವು. ಹೆಬ್ಬೆರಳು ಕಾಳಗ, ತೋರುಬೆರಳು ಒಗಟು, ನಡುಬೆರಳು ನಗೆ, ಉಂಗುರದ ಬೆರಳು ಪ್ರೀತಿ ಮದುವೆ, ಕಿರುಬೆರಳು ಸಾವು. ಬೇಕಾದ ಬೆರಳನ್ನು ಒತ್ತುವುದು, ಬೇಡವಾದದ್ದನ್ನು ಮಡಚುವುದು. ಒಬ್ಬೊಬ್ಬರಾಗಿ ಮಾಸ್ತರನ ಎದುರು ಕೂತು ಟವೆಲ್ ಕೆಳಗೆ ಕೈ ಕೊಡಬೇಕು. ಸಂತೆಯ ಕಟ್ಟಳೆಯೇ ಇಲ್ಲಿಯೂ: ಕೆಳಗಿನ ಮಾತು ಮೇಲೆ ಬರಬಾರದು. ಮಾಸ್ತರ ತನ್ನ ವಿದ್ಯೆಯಾಣೆ ಮಾಡಿದ.

ನನ್ನ ಸರದಿ ಬಂದಾಗ ತೋರುಬೆರಳು ಒತ್ತಿದೆ. ಆಮೇಲೆ ಉಂಗುರದ ಬೆರಳನ್ನು ಹಿಡಿದು ಮಡಚಿದೆ. ತಮ್ಮನಿಗೆ ನೋವಾಗಿರಬೇಕು, ಅಷ್ಟು ಜೋರಾಗಿ ಮಡಚಿದ್ದೆ. ಅವನು ನನ್ನ ಮುಖ ನೋಡಿದ, ನಾನು ಟವೆಲ್ ನೋಡಿದೆ. ಮನೆಯಲ್ಲಿ ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವತ್ತು ಹೇಳಿದ್ದೆ.

ಅಲ್ಲಿಂದ ಆಟಕ್ಕೆ ಕಳೆ ಬಂತು. ಮಾಸ್ತರನಿಗೆ ಈಗ ಎಲ್ಲರ ಮನಸ್ಸು ಗೊತ್ತು. ಒಂದೇ ಮಧ್ಯಾಹ್ನ ಪೈಲ್ವಾನನಿಗೆ ಹೊಡೆದಾಟ, ನನಗೆ ಬೀಗದ ಒಗಟು, ವ್ಯಾಪಾರಿಗೆ ಮೋಸ ಮಾಡಲು ಒಬ್ಬ ದಡ್ಡ ಸುಂಕದವನು ಸಿಗುತ್ತಿದ್ದ. ಎಲ್ಲರೂ ತಮಗೇ ಬೇಕಾದ ಆಟ ನಡೆಯುತ್ತಿದೆ ಅಂದುಕೊಂಡಿದ್ದೆವು. ಬೆಳಿಗ್ಗೆ ಯಾರು ಬಂದು ಎಷ್ಟು ಹೊತ್ತು ದಿಟ್ಟಿಸಿ ಹೋದರೂ, ಮಧ್ಯಾಹ್ನ ನನ್ನ ಕುದುರೆ ತುಂಗಭದ್ರೆ ದಾಟುತ್ತಿತ್ತು. ಆ ತಿಂಗಳುಗಳನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೊಟ್ಟೆಕಿಚ್ಚಾಗುತ್ತದೆ, ಅಷ್ಟು ಸುಖವಾಗಿದ್ದೆ.

ಆಟ ರೂಢಿಯಾದ ಮೇಲೆ ತಮ್ಮ ಒಂದು ಹೊಸ ಪದ್ಧತಿ ತಂದ. ಎಲ್ಲವನ್ನೂ ತಾನೊಬ್ಬನೇ ಕಟ್ಟಿ ದಣಿದಿದ್ದನೋ ಏನೋ, ಇನ್ನು ಮೇಲೆ ವಾರಕ್ಕೊಬ್ಬರು ತಮ್ಮ ಕಡೆಯಿಂದ ಒಂದು ಪ್ರಸಂಗ ತರಬೇಕು ಅಂದ. ಮೊದಲ ವಾರ ಪೈಲ್ವಾನ ಕುಸ್ತಿಯ ಕಣ ತಂದ. ಎರಡನೆಯದು ಬ್ಯಾಡಗಿಯವನ ಸರದಿ.

ಆ ಬೆಳಿಗ್ಗೆಯೇ ನಮ್ಮ ಮನೆಗೆ ಹುಬ್ಬಳ್ಳಿ ಕಡೆಯವರು ಬಂದು ಹೋಗಿದ್ದರು. ಅವರಲ್ಲೊಬ್ಬ ಹೆಂಗಸು ನನ್ನ ಜಡೆ ಎಳೆದು, ಕೂದಲು ಖರೇದ್ದೋ ಚೌರಿಯೋ ಅಂತ ನೋಡಿದ್ದಳು. ಬ್ಯಾಡಗಿಯವನು ಮಧ್ಯಾಹ್ನದ ರೈಲಿಗೆ ಬಂದವ, ಅವನಿಗೆ ಅದು ಗೊತ್ತಿರಲಿಲ್ಲ. ಅವನು ಕಾಲು ಮಡಚಿ ಕೂತು ಪ್ರಸಂಗ ಶುರು ಮಾಡಿದ: ಸವಾರಳು ರಾತ್ರಿ ತಂಗಿದ ಊರಿಗೆ ಒಂದು ಸವಾರಿ ಗಾಡಿ ಬರುತ್ತದೆ. ಗಾಡಿಯಿಂದ ಒಬ್ಬ ಪೇಟದ ಯಜಮಾನ, ಅವನ ಹೆಂಡತಿ, ಅವರ ಹಿಂದೆ ಮೀಸೆ ಚಿಗುರದ ವರ ಇಳಿಯುತ್ತಾರೆ. ರಾಜನ ಸವಾರಳನ್ನು ಕನ್ಯೆ ನೋಡಲು ಬಂದಿದ್ದಾರೆ.

ಅವನು ಯಜಮಾನನ ದನಿ ತೆಗೆದ. “ಕುದುರಿ ಹತ್ತಾಕ ಬರತೈತಿ, ಖರೇ. ರೊಟ್ಟಿ ಬಡ್ಯಾಕ ಬರತೈತೇನವಾ? ಒಂದೀಟು ನಡದು ತೋರ್ಸು ನೋಡೂಣು.”

ಪೈಲ್ವಾನ ಹೊಟ್ಟೆ ಹಿಡಿದು ನಕ್ಕ. ನಾನು ತಮ್ಮನ ಕಡೆ ನೋಡಿದೆ. ಅವನು ತಂಬಿಗೆಯೊಳಗಿನ ಬೀಜ ಅಲ್ಲಾಡಿಸುತ್ತ ತಲೆ ತಗ್ಗಿಸಿದ್ದ. ಅವನು ಒಂದು ಮಾತು ಅಂದರೆ ಗಾಡಿ ತಿರುಗಿ ಹೋಗುತ್ತದೆ ಅಂತ ನಾನು ಕಾದೆ. ಅವನು ಅನ್ನಲಿಲ್ಲ. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನೂ ನಕ್ಕೆ. ನಕ್ಕು, “ಸವಾರಳು ಉಪ್ಪಿಟ್ಟು ತರತಾಳ,” ಅಂದೆ. ಬೀಜ ಎತ್ತುವ ಪ್ರಸಂಗವೂ ಬರಲಿಲ್ಲ. ಉಪ್ಪಿಟ್ಟು ತಂದೆ, ಕೂತೆ, ಎದ್ದೆ, ನಡೆದು ತೋರಿಸಿದೆ. ಸ್ವಲ್ಪ ಹೊತ್ತಿಗೆ ಬ್ಯಾಡಗಿಯವನ ಮಾತು ತಾನಾಗಿಯೇ ನಿಧಾನವಾಯಿತು. ರೈಲಿಗೆ ಹೊತ್ತಾಯಿತು ಅಂದು ಎದ್ದ. ಮುಂದಿನ ರವಿವಾರ ನನಗೆ ತಲೆನೋವು. ಅದರ ಮುಂದಿನ ರವಿವಾರವೂ ತಲೆನೋವು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ ಅಂತ ಅವ್ವ ಅನ್ನುತ್ತಿದ್ದಳು. ಅದು ಮನೆಯವರ ಮೇಲೆ ಮಾತ್ರ, ಹೊರಗಿನವರೆದುರು ನಾನು ಹಸು. ಅಡುಗೆಮನೆಯಲ್ಲಿ ತಮ್ಮನನ್ನು ಹಿಡಿದು ಕೇಳಿದೆ, “ನಿನಗ ಗೊತ್ತಿತ್ತಲ್ಲೋ. ಯಾಕ ಸುಮ್ಮನ ಕುಂತಿ?”

“ಆಣಿ ಮಾಡಿದ್ನಲ್ಲಬೇ. ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಅವ ಕೇಳ್ತಿದ್ದ. ನಿನ್ನ ಹೆಸರು ಬರತಿತ್ತು.”

“ಬರಲಿ ಬಿಡು ಅಂತ ನಿನಗ ತಿಳೀಬೇಕಿತ್ತು.”

“ನೀನೂ ನಕ್ಕಿಯಲ್ಲಕ್ಕಾ,” ಅಂದ ಅವನು. “ನೀ ನಕ್ಕಿದ್ದು ನೋಡಿ, ನಡೀತೈತಿ ಅಂತ ತಿಳಕೊಂಡೆ.”

ಅವನಿಗೆ ಅತ್ತ ದರಿ ಇತ್ತ ಪುಲಿ ಆಗಿತ್ತು ಅಂತ ಈಗ ಅರ್ಥವಾಗುತ್ತದೆ. ಆವತ್ತು ಆಗಲಿಲ್ಲ, ಲಟ್ಟಣಿಗೆ ಎಸೆದೆ. ಈಗ ಅನ್ನಿಸುವುದು ಇಷ್ಟೇ: ನಾವು ಎಲ್ಲವನ್ನೂ ಮಾಸ್ತರನಿಗೆ ಹೇಳಿದ್ದೆವು, ಒಬ್ಬರಿಗೊಬ್ಬರು ಏನೂ ಹೇಳಿರಲಿಲ್ಲ. ಅವನೊಬ್ಬನೇ ಕತೆ ಕಟ್ಟುವವರೆಗೆ ಅದು ಸಾಕಿತ್ತು. ಕತೆ ನಮ್ಮ ಕೈಗೂ ಬಂದ ದಿನ ಟವೆಲ್ ತೆಗೆದು ಮತ್ತೊಮ್ಮೆ ಕೇಳಬೇಕಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ನಾನಿಲ್ಲದೆ ಅವರು ಒಂದೆರಡು ವಾರ ಆಡಿದರು, ಆಮೇಲೆ ಬಿಟ್ಟರು. ಕುಂಬಳ ಬೀಜಗಳನ್ನು ಅವ್ವ ಹಿತ್ತಲಿಗೆ ಚೆಲ್ಲಿದಳು.

ಅದೇ ವರ್ಷ ಹಾವೇರಿಯ ಒಂದು ಮನೆಯವರು ‘ತಿಳಸ್ತೇವ್ರಿ’ ಅನ್ನದೆ ಅಲ್ಲೇ ಕೂತು ಹೂಂ ಅಂದರು. ಅವ್ವನ ಕಣ್ಣಲ್ಲಿ ನೀರು ಬಂತು. ನಿನಗೆ ಹೆಂಗ ಅಂತ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಂಡ ಕೆಟ್ಟವನಲ್ಲ. ಬೀಜದ ಕಂಪನಿ ಬಿಟ್ಟು ಬಾ ಅಂದ, ಬಿಟ್ಟು ಬಂದೆ. ಓದು ಮುಗಿಸಿ ಕೃಷಿ ಇಲಾಖೆ ಸೇರಿದ್ದ ತಮ್ಮನಿಗೆ ಬಳ್ಳಾರಿ ಕಡೆ ವರ್ಗವಾಯಿತು.

ನಾಲ್ಕೈದು ವರ್ಷದ ಮೇಲೆ, ವರ್ಷದ ಖಾರಕ್ಕೆ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದೆ. ಅವನ ಅಂಗಡಿಗೇ ಹೋಗಬೇಕು ಅಂತ ಹೋದದ್ದಲ್ಲ, ಅವನೇ ಕಂಡು ಕರೆದ. ಸ್ವಲ್ಪ ದಪ್ಪಗಾಗಿದ್ದ.

“ಬರ್ರಿ ಅಕ್ಕಾರ, ಕುಂದರ್ರಿ,” ಅಂದು ಚಹಾ ತರಿಸಿದ. ಊರಿನ ಮಾತೆಲ್ಲ ಮುಗಿದ ಮೇಲೆ ಕೇಳಿದ, “ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತಿಂದ ನೀವು ಆಟಕ್ಕ ಬರಲಿಲ್ಲ. ನನ್ನ ಪ್ರಸಂಗದಿಂದ ಏನ್ರಿ?”

ಹೌದು ಅಂದೆ. ಟವೆಲ್ ಕೆಳಗೆ ಏನು ಹೇಳಿದ್ದೆ ಅನ್ನುವುದನ್ನೂ ಹೇಳಿದೆ.

“ನನಗ ಗೊತ್ತಿದ್ದಿಲ್ರಿ,” ಅಂದ. “ನಿಮ್ಮ ಮನಿಗೆ ಮಂದಿ ಬಂದು ಹೋಗೋದು ಗೊತ್ತಿತ್ತು. ನಿಮಗ ಅದು ಬ್ಯಾಸರಾಗೈತಿ ಅನ್ನೂದೂ ಕಾಣ್ತಿತ್ತು. ಅದಕ್ಕಂತನ ಆ ಗಾಡಿ ತಂದಿದ್ದೆ. ಸವಾರಳು ಕುದುರಿ ಚಾಬೂಕ ತಗೊಂಡು ಆ ಯಜಮಾನನ್ನ ಊರ ಹೊರಗ ಅಟ್ಟತಾಳ, ನಾವೆಲ್ಲಾ ಬಿದ್ದು ಬಿದ್ದು ನಗತೇವಿ ಅಂತ ಮಾಡಿದ್ದೆ. ನೀವು ಬೀಜ ಎತ್ತತೀರಿ, ಸಣ್ಣ ಅಂಕಿ ಬಂದ್ರೂ ನಾ ಸೋಲ್ತೇನಿ ಅಂತ ತಯಾರಾಗೇ ಬಂದಿದ್ದೆ. ನೀವು ಉಪ್ಪಿಟ್ಟು ತಂದ್ರಿ.”

ನನ್ನ ಕೈಯಲ್ಲಿನ ಚಹಾ ಆರಿತ್ತು. ಏನು ಬೇಕಾದರೂ ಮಾಡಬಹುದಾಗಿದ್ದ ಆಟದಲ್ಲಿ, ಅವ್ವ ಇಲ್ಲದ, ಓಣಿ ಇಲ್ಲದ ಕೋಣೆಯಲ್ಲಿ, ಒಬ್ಬ ನನಗಾಗಿ ಬಾಗಿಲು ತೆಗೆದು ನಿಂತಿದ್ದ. ನನಗೆ ಅದು ಕಾಣಲೇ ಇಲ್ಲ. ಬಹಳ ಕೆಟ್ಟದೆನಿಸಿತು, ಅತ್ತುಬಿಡುವಷ್ಟು.

ಅದು ಅವನಿಗೆ ತಿಳಿಯಿತೋ ಏನೋ, ನಗಿಸಲು ನೋಡಿದ. ಗದ್ದಿಗೆಯ ಮೇಲೆ ನೆಟ್ಟಗೆ ಕೂತು, ಹೆಗಲ ಮೇಲಿನ ವಸ್ತ್ರವನ್ನು ಪೇಟದ ಹಾಗೆ ಸುತ್ತಿಕೊಂಡು, ಆವತ್ತಿನ ಯಜಮಾನನ ದನಿ ತೆಗೆದ. “ಹಂಗಾರ ಹುಡುಗಿ ನಮಗ ಪಸಂದ ಐತಿ. ಏನಂತೀಯವಾ ಸವಾರಳ, ಈಗರ ಹೇಳಿಬಿಡು.” ನನ್ನ ಬೈಗುಳಕ್ಕೆ ತಯಾರಾಗಿ ಕಣ್ಣು ಕಿರಿದು ಮಾಡಿ ಕಾದ.

ನಾನು ಬಾಯಿ ತೆಗೆದೆ. “ಮನ್ಯಾಗ ಕೇಳಿ ಹೇಳ್ತೇನ್ರಿ,” ಅಂದೆ.

ಅವನು ಜೋರಾಗಿ ನಕ್ಕ. ಚಾಷ್ಟಿ ಮಾಡಿದೆ ಅಂದುಕೊಂಡ. ನಾನು ಚಾಷ್ಟಿ ಮಾಡಿರಲಿಲ್ಲ, ಬಾಯಿಗೆ ಬಂದದ್ದೇ ಅದು.